ಗ್ರಾಂಟ್ಲಿ ಡಿಕ್-ರೀಡ್ ವೈದ್ಯರ ಚರಿತ್ರೆ

ಹೆರಿಗೆಯ ನೋವು ಕಾಣಿಸಿಕೊಂಡ ಮನೆಯನ್ನು ನೋಡದವರು ನಿಮ್ಮಲ್ಲಿ ಯಾರೂ ಇರಲಾರರು. ಒಬ್ಬ ನೆರೆಯವಳು ಬಾಗಿಲಲ್ಲಿ ಕೂತುಕೊಂಡು ತನ್ನ ನೆಂಟಳೊಬ್ಬಳು ಮೂರು ದಿವಸ ನರಳಿ ಸತ್ತ ಸಂಗತಿಯನ್ನು ಹೇಳುತ್ತಾಳೆ. ಇನ್ನೊಬ್ಬಳು ಹೊತ್ತು ಬರುವ ಮೊದಲೇ ತಿಣುಕಬೇಕೆಂದು ಗದರಿಸುತ್ತಾಳೆ. ಹೊರಗೆ ಗಂಡಸರು ಗಾಬರಿಯಿಂದ ತಿರುಗಾಡುತ್ತಾರೆ. ಒಳಗೆ ಮಲಗಿರುವ ಹುಡುಗಿಯಾದರೋ ಇವೆಲ್ಲವನ್ನು ಕೇಳಿ ಹಲ್ಲು ಕಚ್ಚಿ, ಮುಷ್ಟಿ ಬಿಗಿಹಿಡಿದು, ತನ್ನ ಮೇಲೆ ಏನು ಬರುವದೋ ಎಂದು ನಡುಗುತ್ತಾಳೆ. ಇಂಥ ನಡುಕವು ಮನಸ್ಸಿಗೆ ಮಾತ್ರ ಸೇರಿದ್ದಲ್ಲ, ಅದು ಗರ್ಭಕೋಶವನ್ನೂ ಮುಟ್ಟಿ ಹೆರಿಗೆಯನ್ನು ತಡೆಯುತ್ತದೆ ಎಂದು ಬೋಧಿಸಿ, ಆ ಬೋಧನೆಗೋಸ್ಕರ ಸ್ವಂತ ವೃತ್ತಿಯವರಿಂದ ಬಹಳ ವರುಷ ಹಾಸ್ಯಕ್ಕೆ ಗುರಿಯಾದ ಒಬ್ಬ ವೈದ್ಯರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಇಂಗ್ಲೆಂಡು ದೇಶದ ಮೂಡಣ ಭಾಗದಲ್ಲಿ ಸಫಕ್ ಎಂಬ ಸೀಮೆಯುಂಟು. ಅಲ್ಲಿ ವೇವ್ನಿ ಹೊಳೆಯ ದಡದಲ್ಲಿರುವ ಬೆಕಲ್ಸ್ ಎಂಬ ಸಣ್ಣ ಪಟ್ಟಣದಲ್ಲಿ 1890ನೆಯ ಇಸವಿ ಜನವರಿ 26ರಲ್ಲಿ ಗ್ರಾಂಟ್ಲಿ ಡಿಕ್-ರೀಡರು ಹುಟ್ಟಿದರು. ತಂದೆಯು ಗೋದಿಯನ್ನು ಬೀಸಿಸಿ ಹಿಟ್ಟು ಮಾರುವ ಗಿರಣಿಯ ಯಜಮಾನನು. ಮನೆ ತುಂಬಾ ಮಕ್ಕಳು. ಹುಡುಗನು ಹೊಲಗಳ ಮತ್ತು ದನಕರುಗಳ ನಡುವೆ ಬೆಳೆದನು. ಹಸುವು ಈಯುವಾಗ ಬುದ್ಧಿಯುಳ್ಳ ಗೋವಳನು ಅದರ ಸುತ್ತ ಗದ್ದಲ ಮಾಡುವದಿಲ್ಲ, ನಾಯಿಗಳನ್ನು ಹತ್ತಿರ ಬಿಡುವದಿಲ್ಲ, ದೂರದಲ್ಲಿ ನಿಂತು ನೋಡುತ್ತಾನೆ ಎಂಬದು ಇಂಥಾ ಸೀಮೆಯ ಮಕ್ಕಳಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಮುಂದೆ ರೀಡರು ಕೇಂಬ್ರಿಜ್ ವಿದ್ಯಾಪೀಠದಲ್ಲಿ ಓದಿ, ಆಟಗಳಲ್ಲಿಯೂ ಹೆಸರು ಪಡೆದು, ವೈದ್ಯವಿದ್ಯೆಯನ್ನು ಮುಗಿಸುವದಕ್ಕೆ ಲಂಡನ್ ಪಟ್ಟಣದ ಲಂಡನ್ ಆಸ್ಪತ್ರೆಗೆ ಸೇರಿದರು.

ಆ ಆಸ್ಪತ್ರೆಯು ಇರುವ ವೈಟ್‌ಚಾಪೆಲ್ ಎಂಬ ಭಾಗವು ಆಗ ಬಹು ಬಡವರ ವಾಸಸ್ಥಾನವಾಗಿತ್ತು. ಬಡ ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಬರುತ್ತಿದ್ದಿಲ್ಲ. ಕರೆ ಬಂದಾಗ ಕಲಿಯುತ್ತಿರುವ ತರುಣ ವೈದ್ಯರು ಚೀಲವನ್ನು ತೆಗೆದುಕೊಂಡು ಅವರ ಮನೆಗಳಿಗೆ ಹೋಗುತ್ತಿದ್ದರು. 1914ನೆಯ ಇಸವಿಯ ಯುದ್ಧಕ್ಕೆ ಮುಂಚೆ ಒಂದು ರಾತ್ರಿ ಎರಡು ಮೂರು ಗಂಟೆಯ ಹೊತ್ತಿಗೆ ರೀಡರು ಸೈಕಲ್ ಹತ್ತಿ ಮಳೆಯಲ್ಲಿಯೂ ಕೆಸರಿನಲ್ಲಿಯೂ ಹಾದು ರೈಲ್ವೆ ಕಮಾನುಗಳ ಹತ್ತಿರವಿದ್ದ ಒಂದು ಹೀನವಾದ ಗುಡಿಸಲಿಗೆ ಹೋದರು. ಕತ್ತಲೆ ಮೆಟ್ಟಿಲುಗಳನ್ನು ತಡವರಿಸುತ್ತಾ ಹತ್ತಿ ಬಾಗಿಲು ತೆರೆದಾಗ ಅವರು ಕಂಡದ್ದೇನಂದರೆ: ಹತ್ತು ಅಡಿ ಚೌಕದ ಕೋಣೆ, ಒಡೆದ ಕಿಟಕಿಯೊಳಗಿಂದ ಮಳೆಯ ನೀರು ಒಳಕ್ಕೆ ಬಡಿಯುತ್ತಿತ್ತು, ಮಂಚದ ಒಂದು ಕಡೆಗೆ ಕಾಲಿಲ್ಲದೆ ಸಕ್ಕರೆಯ ಪೆಟ್ಟಿಗೆಯನ್ನು ಆಧಾರ ಕೊಟ್ಟಿದ್ದರು, ನೋವು ತಿನ್ನುತ್ತಿದ್ದ ಹೆಂಗಸಿಗೆ ಗೋಣಿಚೀಲಗಳೂ ಒಂದು ಹಳೆಯ ಕರೀ ಲಂಗವೂ ಹೊದಿಕೆಯಾಗಿದ್ದವು, ಬೀರಿನ ಸೀಸೆಯ ಬಾಯಿಗೆ ಸಿಕ್ಕಿಸಿದ ಒಂದೇ ಮೇಣದ ಬತ್ತಿ ಉರಿಯುತ್ತಿತ್ತು. ನೆರೆಯವಳೊಬ್ಬಳು ಒಂದು ಬೋಗುಣಿಯನ್ನೂ ಹೂಜಿಯಲ್ಲಿ ನೀರನ್ನೂ ತಂದುಕೊಟ್ಟಳು. ಸಾಬೂನು, ಚೌಕ ಇವುಗಳನ್ನು ವೈದ್ಯನೇ ತರಬೇಕಾಯಿತು.

ಇಷ್ಟು ದಾರಿದ್ರ್ಯದ ನಡುವೆ ಆ ಕೋಣೆಯಲ್ಲಿ ಒಂದು ವಿಚಿತ್ರವಾದ ಸಮಾಧಾನವಿರುವದನ್ನು ಅವರು ನೋಡಿದರು. ಯಾರೂ ಕೂಗಲಿಲ್ಲ, ಯಾರೂ ಓಡಾಡಲಿಲ್ಲ. ಆ ಹೆಂಗಸು ನೋವು ಬಂದಾಗ ಅದರೊಡನೆ ಕೆಲಸ ಮಾಡಿ, ಅದು ಬಿಟ್ಟಾಗ ಸುಮ್ಮನೆ ಮಲಗುತ್ತಿದ್ದಳು. ಕೂಸಿನ ತಲೆಯು ಕಾಣಿಸಿಕೊಳ್ಳುವ ಸಮಯಕ್ಕೆ ರೀಡರು ತಮಗೆ ಕಲಿಸಿದ್ದ ಪ್ರಕಾರ ಕ್ಲೋರೋಫಾರ್ಮ್ ಎಂಬ ಮೂರ್ಛೆಯ ಔಷಧವನ್ನು ಅವಳ ಮೂಗಿನ ಬಳಿಗೆ ಹಿಡಿಯಹೋದರು. ಅವಳು ಬೇಡವೆಂದು ತಲೆ ತಿರುಗಿಸಿದಳು. ದಯೆಯಿಂದ ಕೊಡುವದನ್ನು ಒಬ್ಬಳು ನಿರಾಕರಿಸಿದ್ದು ಅವರಿಗೆ ಇದೇ ಮೊದಲು. ಸ್ವಲ್ಪ ಹೊತ್ತಿನಲ್ಲಿ ಗದ್ದಲವಿಲ್ಲದೆ ಕೂಸು ಹುಟ್ಟಿತು. ಎಲ್ಲವನ್ನೂ ಕಟ್ಟಿಕೊಂಡು ಹೊರಡುವ ಸಮಯದಲ್ಲಿ, ಯಾಕೆ ಔಷಧವನ್ನು ತೆಗೆದುಕೊಳ್ಳಲಿಲ್ಲವೆಂದು ರೀಡರು ಅವಳನ್ನು ಕೇಳಿದರು. ಅವಳು ನಾಚಿಕೆಪಟ್ಟು, ತನಗೆ ನೋವಾಗಲಿಲ್ಲವೆಂದೂ, ಅದು ನೋಯಬೇಕೆಂದು ಏರ್ಪಟ್ಟದ್ದಲ್ಲವಲ್ಲಾ ಎಂದೂ ವೈದ್ಯರನ್ನೇ ತಿರುಗಿ ಕೇಳಿದಳು.

ಈ ಪ್ರಶ್ನೆಗೆ ಅವರ ಪುಸ್ತಕಗಳಲ್ಲಿ ಉತ್ತರವಿರಲಿಲ್ಲ. ಮನೆಗೆ ತಿರುಗಿ ಹೋಗುವಾಗಲೂ, ಅನಂತರ ಅನೇಕ ತಿಂಗಳುಗಳ ವರೆಗೂ ಅದು ಅವರನ್ನು ಬಿಡಲಿಲ್ಲ. ಅದೇ ಬೀದಿಗಳಲ್ಲಿ ಬೇರೆ ಹೆಂಗಸರು ಮಿತಿಮೀರಿದ ಸಂಕಟದಿಂದ ಹೆರುವದನ್ನು ಅವರು ಕಂಡಿದ್ದರು. ಒಬ್ಬಳಿಗೆ ಸುಗಮವೂ ಇನ್ನೊಬ್ಬಳಿಗೆ ನರಕಯಾತನೆಯೂ ಆಗುವದಕ್ಕೆ ದೇಹದ ಕಟ್ಟು ಮಾತ್ರವೇ ಕಾರಣವೋ, ಬೇರೆ ಏನಾದರೂ ಉಂಟೋ?

ಈ ಪ್ರಶ್ನೆಯ ಭಾರವನ್ನು ತಿಳಿಯಬೇಕಾದರೆ ಆ ಕಾಲದ ಅಭಿಪ್ರಾಯಗಳನ್ನು ಸ್ವಲ್ಪ ತಿಳಿಯಬೇಕು. 1847ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದ ಜೇಮ್ಸ್ ಯಂಗ್ ಸಿಂಪ್ಸನ್ ಎಂಬ ವೈದ್ಯರು ಹೆರುವ ಸ್ತ್ರೀಯರಿಗೆ ಮೊದಲು ಈಥರನ್ನೂ ಅದೇ ವರುಷದ ಕೊನೆಯಲ್ಲಿ ಕ್ಲೋರೋಫಾರ್ಮನ್ನೂ ಕೊಡಲಾರಂಭಿಸಿದರು. ಆಗ ಕೆಲವರು ಆದಿಕಾಂಡದ ಮೂರನೆಯ ಅಧ್ಯಾಯವನ್ನು ತೋರಿಸಿ, ಹವ್ವಳಿಗೆ ವಿಧಿಸಲ್ಪಟ್ಟ ದುಃಖವನ್ನು ತೆಗೆಯುವದು ದೇವರಿಗೆ ವಿರೋಧವೆಂದು ವಾದಿಸಿದರು. ಸಿಂಪ್ಸನರು ಸತ್ಯವೇದವನ್ನು ಬಲ್ಲವರಾದ್ದರಿಂದ ಅದೇ ವರುಷ ಒಂದು ಸಣ್ಣ ಪುಸ್ತಕವನ್ನು ಅಚ್ಚು ಮಾಡಿಸಿ, ಆ ಇಬ್ರಿಯ ಶಬ್ದಕ್ಕೆ ಶ್ರಮ, ದುಡಿತ ಎಂಬ ಅರ್ಥವಿದೆಯೆಂದು ಉತ್ತರ ಕೊಟ್ಟರು. 1853ರಲ್ಲಿ ವಿಕ್ಟೋರಿಯಾ ರಾಣಿಯು ತನ್ನ ಎಂಟನೆಯ ಮಗುವನ್ನು ಹೆರುವಾಗ ಕ್ಲೋರೋಫಾರ್ಮನ್ನು ತೆಗೆದುಕೊಂಡ ಮೇಲೆ ಈ ವಾದವು ಬಹಳಮಟ್ಟಿಗೆ ಅಡಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೈಬುರ್ಗಿನಿಂದ ಇನ್ನೊಂದು ಪದ್ಧತಿ ಹೊರಟಿತು. ತಾಯಿಗೆ ಸೂಜಿಮದ್ದು ಕೊಟ್ಟು ಅರೆನಿದ್ದೆಯಲ್ಲಿ ಇಡುತ್ತಿದ್ದರು; ನೋವಿನಿಂದ ಕೂಗಿದರೂ ಎಚ್ಚರವಾದ ಮೇಲೆ ಅವಳಿಗೆ ಅದರ ನೆನಪಿರುತ್ತಿದ್ದಿಲ್ಲ. ಹೀಗಿರಲಾಗಿ ರೀಡರ ಕಾಲಕ್ಕೆ ವೈದ್ಯರ ಮುಂದೆ ಇದ್ದದ್ದು ನೋವನ್ನು ಯಾವ ಮದ್ದಿನಿಂದ ಮುಚ್ಚಬೇಕೆಂಬ ಪ್ರಶ್ನೆಯೇ ಹೊರತು, ಅದು ಎಲ್ಲಿಂದ ಬರುತ್ತದೆಂಬ ಪ್ರಶ್ನೆಯಲ್ಲ.

1914ರಲ್ಲಿ ರೀಡರು ವೈದ್ಯರಾಗಿ ತೇರ್ಗಡೆ ಹೊಂದಿದ ಕೂಡಲೇ ಮಹಾಯುದ್ಧವು ಆರಂಭವಾಯಿತು. ಅವರು ಸೈನ್ಯದ ವೈದ್ಯರಾಗಿ ಗಾಲಿಪೋಲಿಗೆ ಹೋಗಿ ಅಲ್ಲಿ ಕಠಿಣವಾಗಿ ಗಾಯಪಟ್ಟರು. ಗುಣವಾದ ಮೇಲೆ ಫ್ರಾನ್ಸ್ ದೇಶದಲ್ಲಿ ಯುದ್ಧವು ಮುಗಿಯುವ ತನಕ ಸೇವೆಮಾಡಿದರು. ಮನುಷ್ಯನು ಒಬ್ಬಂಟಿಗನಾಗಿ ಭಯದಲ್ಲಿ ಬಿದ್ದಿರುವಾಗ ಸಣ್ಣ ಗಾಯವೂ ದೊಡ್ಡ ಯಾತನೆಯಾಗುವದು, ಪಕ್ಕದಲ್ಲಿ ಒಬ್ಬ ಗೆಳೆಯನಿದ್ದರೆ ದೊಡ್ಡ ಗಾಯವನ್ನೂ ತಾಳಬಹುದು ಎಂಬದನ್ನು ಯುದ್ಧಭೂಮಿಯ ವೈದ್ಯನು ಪುಸ್ತಕವಿಲ್ಲದೆ ಕಲಿಯುತ್ತಾನೆ. ಹೆರಿಗೆಯ ವಿಷಯದಲ್ಲಿ ರೀಡರು ಮುಂದೆ ಬರೆದವುಗಳಲ್ಲಿ ಒಂಟಿತನದ ಮಾತು ಎಷ್ಟೋ ಸಾರಿ ಬರುತ್ತದೆ.

ಯುದ್ಧದ ತರುವಾಯ ಅವರು ಲಂಡನಿಗೆ ನೈರುತ್ಯದಲ್ಲಿರುವ ವೋಕಿಂಗ್ ಎಂಬ ಊರಿನಲ್ಲಿ ವೈದ್ಯವೃತ್ತಿಯನ್ನು ನಡಿಸುತ್ತಾ, ನೂರಾರು ಹೆರಿಗೆಗಳ ಬಳಿಯಲ್ಲಿ ಕೂತು ನೋಡಿದರು. ಕೂತು ನೋಡಿದರು ಎಂಬ ಮಾತನ್ನು ನಾವು ಬೇಕೆಂದೇ ಬರೆದಿದ್ದೇವೆ; ಯಾಕಂದರೆ ಅನೇಕ ವೈದ್ಯರು ಕೂಸು ಹೊರಗೆ ಬರುವ ಹೊತ್ತಿಗೆ ಬಂದು ಕೈತೊಳೆದುಕೊಳ್ಳುವವರು. ಇವರಾದರೋ ನೋವು ಆರಂಭವಾದಂದಿನಿಂದ ತಾಯಿಯ ಮುಖವನ್ನೂ ಕೈಗಳನ್ನೂ ಉಸಿರನ್ನೂ ಗಮನಿಸುತ್ತಿದ್ದರು. ಕೈ ಬಿಗಿಯಾದಾಗ, ಹುಬ್ಬು ಗಂಟಿಕ್ಕಿದಾಗ, ಉಸಿರು ಕಟ್ಟಿದಾಗ ಗರ್ಭಕೋಶದ ಬಾಯಿಯೂ ತೆರೆಯದೆ ನಿಲ್ಲುವದನ್ನು ಕಂಡರು. ಇದರಿಂದ ಅವರು ಒಂದು ಸಿದ್ಧಾಂತಕ್ಕೆ ಬಂದರು. ಭಯದಿಂದ ಬಿಗಿತವು ಹುಟ್ಟುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ, ನೋವಿನಿಂದ ಭಯವು ಮತ್ತಷ್ಟು ಬಲವಾಗುತ್ತದೆ; ಗಾಣದ ಎತ್ತು ಸುತ್ತುವ ಹಾಗೆ ಈ ಮೂರು ಒಂದರ ಹಿಂದೆ ಒಂದು ಸುತ್ತುತ್ತವೆ ಎಂಬದೇ ಅದು.

ಇದಕ್ಕೆ ಅವರು ಕೊಟ್ಟ ದೇಹದ ವಿವರವು ಹೀಗಿತ್ತು. ಗರ್ಭಕೋಶದಲ್ಲಿ ಮೇಲಿನಿಂದ ಕೆಳಕ್ಕೆ ಹೋಗುವ ಸ್ನಾಯುಗಳು ಕೂಸನ್ನು ಹೊರಕ್ಕೆ ನೂಕುತ್ತವೆ. ಕೆಳಗಡೆ ಬಾಯಿಯ ಸುತ್ತ ಬಳೆಯಂತೆ ಇರುವವುಗಳು ಸಡಿಲವಾಗಿ ದಾರಿಬಿಡಬೇಕು. ಭಯಪಟ್ಟ ದೇಹದಲ್ಲಿ, ಓಡಿಹೋಗುವದಕ್ಕೆ ಸಿದ್ಧವಾಗುವ ನರಗಳು ಎದ್ದು ಈ ಬಳೆಯನ್ನು ಬಿಗಿಮಾಡುತ್ತವೆ. ಒಂದು ಶಕ್ತಿಯು ನೂಕುವಾಗ ಇನ್ನೊಂದು ತಡೆಯುತ್ತದೆ. ಈ ವಿವರವು ಪೂರ್ತಿಯಾಗಿ ಸರಿಯಲ್ಲವೆಂದು ಇಂದು ತಿಳಿದದೆ. ಗರ್ಭಕೋಶದ ಬಾಯಿಯಲ್ಲಿ ಸ್ನಾಯುವು ಕೊಂಚವೇ. ಅದು ಬಹುಪಾಲು ನಾರಿನಂತಹ ಪದಾರ್ಥದಿಂದಾಗಿ, ದಿವಸ ತುಂಬಿದಾಗ ಮೆತ್ತಗಾಗಿ ತೆರೆಯುತ್ತದೆ. ಆದರೂ ಭಯಗೊಂಡವಳ ರಕ್ತದಲ್ಲಿ ಹೆಚ್ಚುವ ಅಡ್ರಿನಲಿನ್ ಎಂಬ ರಸವು ಗರ್ಭಕೋಶದ ಕೆಲಸವನ್ನು ನಿಧಾನಮಾಡುತ್ತದೆಂಬದೂ, ನೋವುಗಳನ್ನು ಕ್ರಮವಾಗಿ ತರುವ ಆಕ್ಸಿಟೋಸಿನ್ ಎಂಬ ರಸವು ನೆಮ್ಮದಿಯಲ್ಲಿ ಚೆನ್ನಾಗಿ ಹರಿಯುತ್ತದೆಂಬದೂ ಆಮೇಲಿನ ಪಂಡಿತರಿಂದ ಕಂಡುಹಿಡಿಯಲ್ಪಟ್ಟವು. ಕಾರಣವನ್ನು ಅರ್ಧ ತಪ್ಪಾಗಿ ಹೇಳಿದವರು ಕಾರ್ಯವನ್ನು ಸರಿಯಾಗಿಯೇ ಕಂಡಿದ್ದರು.

ಅವರು ಹೆರಿಗೆಯನ್ನು ನಡಿಸುತ್ತಿದ್ದ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವದು ಒಳ್ಳೇದು. ಗರ್ಭಿಣಿಯು ದಿವಸ ತುಂಬುವದಕ್ಕೆ ಬಹಳ ಮುಂಚೆಯೇ ಅವರ ಬಳಿಗೆ ಬರುತ್ತಿದ್ದಳು. ಕೂಸು ಒಳಗೆ ಹೇಗೆ ಮಲಗಿದೆ, ನೋವು ಯಾಕೆ ಬಿಟ್ಟುಬಿಟ್ಟು ಬರುತ್ತದೆ, ನೀರಿನ ಚೀಲ ಒಡೆಯುವದೆಂದರೇನು ಎಂಬದನ್ನೆಲ್ಲಾ ಅವಳಿಗೆ ಸರಳವಾಗಿ ವಿವರಿಸುತ್ತಿದ್ದರು. ತಿಳಿಯದ ವಸ್ತುವಿಗೆ ಮನುಷ್ಯರು ಹೆಚ್ಚಾಗಿ ಹೆದರುತ್ತಾರಷ್ಟೆ. ಆಮೇಲೆ ಉಸಿರಾಡುವ ಕ್ರಮವನ್ನೂ, ಮೈಯನ್ನು ಒಂದೊಂದು ಅಂಗವಾಗಿ ಸಡಿಲ ಬಿಡುವದನ್ನೂ ದಿನಾಲು ಅಭ್ಯಾಸ ಮಾಡಿಸುತ್ತಿದ್ದರು. ಗಂಡನಿಗೂ ಈ ಸಂಗತಿಗಳನ್ನು ಕಲಿಸುತ್ತಿದ್ದರು. ಹೆಂಡತಿಯ ಭಯಕ್ಕಿಂತ ಗಂಡನ ಭಯವೇ ಕೆಲವು ಸಾರಿ ದೊಡ್ಡದು.

ನೋವು ಆರಂಭವಾದ ಮೇಲೆ ಮೊದಲನೆಯ ಹಂತದಲ್ಲಿ ತಾಯಿಗೆ ಮಾಡಬೇಕಾದ ಕೆಲಸವೇ ಇಲ್ಲವೆಂದು ಅವರು ಹೇಳಿಕೊಡುತ್ತಿದ್ದರು. ಬಾಯಿಯು ತೆರೆಯುವದು ಗರ್ಭಕೋಶದ ಕೆಲಸ. ತಾಯಿಯು ಮೈ ಸಡಿಲಬಿಟ್ಟು ಅದಕ್ಕೆ ಅಡ್ಡಿ ಮಾಡದೆ ಇರಬೇಕು. ಈ ಸಮಯದಲ್ಲಿ ತಿಣುಕುವವಳು ಮುಚ್ಚಿದ ಬಾಗಿಲನ್ನು ತಲೆಯಿಂದ ಗುದ್ದುವವಳ ಹಾಗಿದ್ದಾಳೆ, ಆಯಾಸವಲ್ಲದೆ ಲಾಭವಿಲ್ಲ. ಬಾಯಿಯು ಪೂರಾ ತೆರೆಯುವದಕ್ಕೆ ಸ್ವಲ್ಪ ಮುಂಚೆ ಎಂಥಾ ಧೈರ್ಯಶಾಲಿನಿಯೂ ಮನಗುಂದಿ ಇನ್ನು ತನ್ನಿಂದಾಗದೆಂದು ಅಳುವ ಒಂದು ಗಳಿಗೆ ಉಂಟೆಂದು ಅವರು ಕಂಡಿದ್ದರು. ಆ ಗಳಿಗೆಯಲ್ಲಿ ಅವಳನ್ನು ಬಿಟ್ಟುಹೋಗಬಾರದು, ಗದರಿಸಬಾರದು, ಬೆನ್ನನ್ನು ಒತ್ತಿ ಕೈಹಿಡಿದು ಕೂಸು ಹತ್ತಿರವಾಯಿತೆಂದು ತಿಳಿಸಬೇಕು. ಎರಡನೆಯ ಹಂತದಲ್ಲಿ ತಿಣುಕುವ ಇಚ್ಛೆಯು ತಾನಾಗಿ ಬರುತ್ತದೆ. ಆಗ ನೋವಿನ ಸಂಗಡ ದುಡಿದು, ನೋವು ಬಿಟ್ಟಾಗ ವಿಶ್ರಮಿಸಬೇಕು. ಅನೇಕರು ಎರಡು ನೋವುಗಳ ನಡುವೆ ಗಾಢವಾಗಿ ತೂಕಡಿಸುತ್ತಾರೆ, ಅವರನ್ನು ಎಬ್ಬಿಸಬಾರದು. ತಲೆಯು ಹೊರಡುವಾಗ ತಿಣುಕುವದನ್ನು ಬಿಟ್ಟು ಬಾಯಿಯಿಂದ ಮೆಲ್ಲಗೆ ಏದುಸಿರು ಬಿಡಬೇಕು. ಹೀಗೆ ಮಾಡಿದರೆ ಮೈ ಹರಿಯುವದು ಕಡಿಮೆ. ಕೂಸು ಹುಟ್ಟಿದ ಕೂಡಲೇ ತಾಯಿಯು ಅದರ ಮೊದಲನೆಯ ಕೂಗನ್ನು ಕೇಳಿ, ಕೈಯಲ್ಲಿ ತೆಗೆದುಕೊಳ್ಳಬೇಕೆಂಬದು ಅವರ ನಿಯಮವಾಗಿತ್ತು. ಮೂರ್ಛೆಯಲ್ಲಿ ಮಲಗಿಸಲ್ಪಟ್ಟ ತಾಯಂದಿರಿಗೆ ಈ ಭಾಗ್ಯವಿರಲಿಲ್ಲವಷ್ಟೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಪರಿಹರಿಸಬೇಕು. ರೀಡರು ಔಷಧಗಳ ವೈರಿಯೆಂದು ಅನೇಕರು ಹೇಳಿದ್ದಾರೆ. ಅದು ನಿಜವಲ್ಲ. ನೋವನ್ನು ಕಡಿಮೆಮಾಡುವ ಸಾಧನವು ಹೆರುವವಳ ಕೈಗೆ ಸಿಕ್ಕುವಂತೆ ಇರಬೇಕು, ಬೇಕೆಂದವಳಿಗೆ ಕೊಡಬೇಕು, ಯಾವ ಹೆಂಗಸೂ ನಿಷ್ಕಾರಣವಾಗಿ ನೋವನ್ನು ಅನುಭವಿಸಬಾರದು ಎಂಬದೇ ಅವರ ಅಭಿಪ್ರಾಯ. ಎಲ್ಲರಿಗೂ ಕೇಳದೆ ಕೊಡುವದನ್ನು ಮಾತ್ರ ಅವರು ವಿರೋಧಿಸಿದರು.

ತಾವು ಕಂಡದ್ದನ್ನು ಬರೆದು ತೋರಿಸಿದಾಗ ಹಿರಿಯ ವೈದ್ಯರಿಂದ ಅವರಿಗೆ ಪ್ರೋತ್ಸಾಹ ದೊರೆಯಲಿಲ್ಲ. ಕಡೆಗೆ 1933ರಲ್ಲಿ ಸ್ವಾಭಾವಿಕವಾದ ಹೆರಿಗೆ ಎಂಬ ಅರ್ಥವುಳ್ಳ ಹೆಸರಿನಿಂದ ಅವರ ಮೊದಲನೆಯ ಪುಸ್ತಕವು ಅಚ್ಚಾಯಿತು. ಅದನ್ನು ಓದಿದ ವೈದ್ಯರಲ್ಲಿ ಹಲವರು ನಕ್ಕರು. ಕೂಡಿ ಕೆಲಸಮಾಡುತ್ತಿದ್ದ ವೈದ್ಯರಿಂದಲೂ ಅವರು ಅಗಲಬೇಕಾಯಿತು. 1942ರಲ್ಲಿ, ಎರಡನೆಯ ಮಹಾಯುದ್ಧವು ನಡೆಯುತ್ತಿರುವಾಗ, ಹೆಚ್ಚು ವಿಸ್ತಾರವಾದ ಇನ್ನೊಂದು ಪುಸ್ತಕವನ್ನು ಪ್ರಕಟಿಸಿದರು. ಅದು 1944ರಲ್ಲಿ ಅಮೇರಿಕದಲ್ಲಿ ಭಯವಿಲ್ಲದ ಹೆರಿಗೆ ಎಂಬರ್ಥದ ಹೆಸರಿನಿಂದ ಹೊರಟು ಬಹಳ ಜನರ ಕೈಸೇರಿತು. ಇದರಿಂದ ಒಂದು ಹೊಸ ಸಂಗತಿ ನಡೆಯಿತು. ವೈದ್ಯರು ಒಪ್ಪದ್ದನ್ನು ತಾಯಂದಿರು ಓದಿ ಒಪ್ಪಿದರು. ಬೇರೆಬೇರೆ ದೇಶಗಳಿಂದ ಅವರಿಗೆ ಕಾಗದಗಳು ಬರಲಾರಂಭಿಸಿದವು. ಕೆಲವರು ಪುಸ್ತಕವನ್ನು ಓದಿ ನೆಮ್ಮದಿಯಿಂದ ಹೆತ್ತೆವೆಂದು ಬರೆದರು. ಇನ್ನು ಕೆಲವರು ಆಸ್ಪತ್ರೆಯಲ್ಲಿ ತಮ್ಮನ್ನು ಗಂಟೆಗಟ್ಟಲೆ ಒಂಟಿಯಾಗಿ ಬಿಟ್ಟದ್ದನ್ನೂ, ಬೇಡವೆಂದರೂ ಮೂರ್ಛೆಮಾಡಿದ್ದನ್ನೂ ಬರೆದರು.

ಆದಿಕಾಂಡದ ಮಾತಿಗೆ ತಿರುಗಿ ಬರೋಣ, ಯಾಕಂದರೆ ರೀಡರು ದೇವಭಕ್ತಿಯುಳ್ಳವರಾಗಿ ಈ ವಿಷಯದಲ್ಲಿ ಬಹಳ ಚಿಂತಿಸಿದರು. ಹೆರಿಗೆಯ ಭಯವು ಕ್ರೈಸ್ತ ದೇಶಗಳಲ್ಲಿ ಬೇರೂರುವದಕ್ಕೆ ಸತ್ಯವೇದದ ಭಾಷಾಂತರಗಳೂ ಒಂದು ಕಾರಣವೆಂದು ಅವರಿಗೆ ತೋರಿತು. 1611ರ ಇಂಗ್ಲಿಷ್ ಭಾಷಾಂತರದಲ್ಲಿ ಹವ್ವಳಿಗೆ ಸಂಬಂಧಪಟ್ಟ ಸ್ಥಳದಲ್ಲಿ ದುಃಖ ಎಂಬರ್ಥದ ಶಬ್ದವಿದೆ. ಇಬ್ರಿಯ ಭಾಷೆಯಲ್ಲಿ ಅಲ್ಲಿರುವ ಎತ್ಸೆವ್ ಎಂಬ ಶಬ್ದವೇ ಜ್ಞಾನೋಕ್ತಿಗಳು ಹದಿನಾಲ್ಕನೆಯ ಅಧ್ಯಾಯದ ಇಪ್ಪತ್ತಮೂರನೆಯ ವಚನದಲ್ಲಿ ಬಂದಾಗ ಅದನ್ನು ದುಡಿತವೆಂದು ಭಾಷಾಂತರಿಸಿದ್ದಾರೆ. ದುಡಿತದಿಂದ ಲಾಭವುಂಟೆಂಬದು ಆ ವಚನದ ತಾತ್ಪರ್ಯ. ಆದಾಮನು ಭೂಮಿಯಲ್ಲಿ ದುಡಿಯಬೇಕೆಂದು ಹೇಳುವ ಮುಂದಿನ ವಚನದಲ್ಲಿರುವ ಶಬ್ದವೂ ಅದೇ ಮೂಲದಿಂದ ಹುಟ್ಟಿದ್ದು. ಬೇಸಾಯಗಾರನು ಕಳೆ ಕೀಳುವದನ್ನೂ ನೆರಳಲ್ಲಿ ಕೂರುವದನ್ನೂ ಯಾರೂ ಪಾಪವೆನ್ನುವದಿಲ್ಲ. ಹೀಗಿರುವಾಗ ತಾಯಿಯ ದುಡಿತವನ್ನು ಹಗುರಮಾಡುವದು ಯಾಕೆ ತಪ್ಪಾಗಬೇಕು? ಸಿಂಪ್ಸನರು ಔಷಧದ ಪರವಾಗಿ ಎತ್ತಿದ ವಾದವನ್ನೇ ಸುಮಾರು ನೂರು ವರುಷಗಳ ಮೇಲೆ ರೀಡರು ಔಷಧವಿಲ್ಲದ ಹೆರಿಗೆಯ ಪರವಾಗಿ ಎತ್ತಿದ್ದು ವಿನೋದವಾಗಿದೆ. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಎತ್ಸೆವ್ ಶಬ್ದದಲ್ಲಿ ವ್ಯಥೆಯ ಅರ್ಥವೂ ಇದ್ದೇ ಇದೆ. ಕರ್ತನು ಸಹ ಹೆರುವವಳ ಸಂಕಟವನ್ನೂ ಆಮೇಲಿನ ಸಂತೋಷವನ್ನೂ ಕೂಡಿಸಿಯೇ ಹೇಳಿದ್ದಾನೆ. ನೋವೇ ಇಲ್ಲವೆನ್ನುವದು ತಾಯಂದಿರ ಅನುಭವಕ್ಕೆ ಸರಿಬೀಳದು.

1948ರಲ್ಲಿ ರೀಡರು ದಕ್ಷಿಣ ಆಫ್ರಿಕಕ್ಕೆ ಹೋದರು. ಅಲ್ಲಿಯ ವೈದ್ಯಮಂಡಲಿಯು ಮೊದಲು ಅವರ ಹೆಸರನ್ನು ದಾಖಲು ಮಾಡಿಕೊಳ್ಳಲಿಲ್ಲ; ಹೋರಾಡಿಯೇ ಅಪ್ಪಣೆಯನ್ನು ಪಡೆಯಬೇಕಾಯಿತು. ಜೊಹಾನ್ಸ್‌ಬರ್ಗಿನಲ್ಲಿ ಕಥೋಲಿಕ ಕನ್ಯಾಸ್ತ್ರೀಯರು ನಡಿಸುತ್ತಿದ್ದ ಹೆರಿಗೆಯ ಆಸ್ಪತ್ರೆಯಲ್ಲಿ ಕೆಲವು ವರುಷ ಕೆಲಸಮಾಡಿ, ಆಮೇಲೆ ಕುಟುಂಬ ಸಮೇತ ಬಂಡಿಯಲ್ಲಿ ಆಫ್ರಿಕ ಖಂಡವನ್ನು ಸಂಚರಿಸಿ, ಅಲ್ಲಿಯ ಸ್ತ್ರೀಯರ ಹೆರಿಗೆಗಳನ್ನು ವಿಚಾರಿಸಿದರು. ಅವರ ಮೊದಲನೆಯ ವಿವಾಹವು ಇಷ್ಟರೊಳಗೆ ಮುರಿದುಹೋಗಿ ಅವರು ಎರಡನೆಯ ಸಾರಿ ಮದುವೆಯಾಗಿದ್ದರು. 1956ರ ಜನವರಿಯಲ್ಲಿ ರೋಮಿನ ಪೋಪರಾದ ಹನ್ನೆರಡನೆಯ ಪಿಯುಸರು ವೈದ್ಯರ ಮುಂದೆ ಮಾಡಿದ ಒಂದು ಭಾಷಣದಲ್ಲಿ ರೀಡರ ಪದ್ಧತಿಯನ್ನು ಹೆಸರೆತ್ತಿ ಹೇಳಿ, ಹವ್ವಳಿಗೆ ಹೇಳಲ್ಪಟ್ಟ ಮಾತು ಹೆರಿಗೆಯನ್ನು ಹಗುರಮಾಡುವದಕ್ಕೆ ಅಡ್ಡಿಯಲ್ಲವೆಂದು ತೀರ್ಮಾನ ಕೊಟ್ಟರು. ಅದೇ ವರುಷ ಇಂಗ್ಲೆಂಡಿನಲ್ಲಿ ಪ್ರುನೆಲ್ಲಾ ಬ್ರಯನ್ಸ್ ಎಂಬ ತಾಯಿಯು ಸ್ವಾಭಾವಿಕ ಹೆರಿಗೆಯ ಸಂಘವೊಂದನ್ನು ಕಟ್ಟುವ ಕೆಲಸಕ್ಕೆ ಕೈಹಾಕಿದಳು. ರೀಡರು ಅದಕ್ಕೆ ಮೊದಲನೆಯ ಅಧ್ಯಕ್ಷರಾದರು.

ಅವರ ದೋಷಗಳನ್ನು ಮರೆಮಾಡುವದು ಸರಿಯಲ್ಲ. ನಾಗರಿಕತೆಯಿಲ್ಲದ ಸೀಮೆಗಳ ಸ್ತ್ರೀಯರು ಕಷ್ಟವಿಲ್ಲದೆ ಹೆರುತ್ತಾರೆಂದು ಅವರು ಮೊದಲಿನ ಪುಸ್ತಕಗಳಲ್ಲಿ ಬರೆದರು. ನಮ್ಮ ಹಳ್ಳಿಗಳ ಸಮಾಧಿಭೂಮಿಗಳನ್ನು ನೋಡಿದವರು ಅದನ್ನು ಒಪ್ಪರು. ಸಣ್ಣಂದಿನಿಂದ ಹೊಟ್ಟೆಗಿಲ್ಲದೆ ಸೊಂಟದೆಲುಬು ಕಿರಿದಾಗಿ ಬೆಳೆದವಳಿಗೆ, ಕೂಸು ಅಡ್ಡಲಾಗಿ ಮಲಗಿದವಳಿಗೆ, ಎಷ್ಟು ಧೈರ್ಯವಿದ್ದರೂ ದಾರಿ ತೆರೆಯದು. ಅವಳಿಗೆ ಶಸ್ತ್ರವೈದ್ಯನ ಕೈ ಬೇಕು. ಮತ್ತು ಹೆರುವದೇ ಸ್ತ್ರೀಯ ಮುಖ್ಯ ಕೆಲಸವೆಂದು ಅವರು ಹೇಳಿದ್ದರಿಂದ, ಔಷಧ ಬೇಕಾದ ಅಥವಾ ನೋವು ತಾಳಲಾರದ ತಾಯಂದಿರಲ್ಲಿ ಕೆಲವರು ತಾವು ಸೋತೆವೆಂದು ನಾಚಿಕೆಪಟ್ಟರು. ಭಯವನ್ನು ತೆಗೆಯಬೇಕೆಂದಿದ್ದ ಬೋಧನೆಯಿಂದ ಬೇರೊಂದು ಭಯ ಹುಟ್ಟಿದ್ದು ವ್ಯಸನಕರವೇ.

ಆದರೆ ಹೆರುವವಳನ್ನು ಒಂಟಿಯಾಗಿ ಬಿಡಬಾರದೆಂಬ ಅವರ ಮಾತು ಗಟ್ಟಿಯಾಗಿ ನಿಂತಿತು. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶೆಯಲ್ಲಿ 17 ದೇಶಗಳ 15,000ಕ್ಕೆ ಮಿಕ್ಕಿದ ತಾಯಂದಿರನ್ನು ಒಳಗೊಂಡ 26 ಪರೀಕ್ಷೆಗಳನ್ನು ಕೂಡಿಸಿ ನೋಡಿದರು. ಆರಂಭದಿಂದ ಕೊನೆಯ ವರೆಗೆ ಒಬ್ಬರು ಬಳಿಯಲ್ಲಿದ್ದು ಧೈರ್ಯ ಕೊಟ್ಟ ತಾಯಂದಿರಲ್ಲಿ ಹೆಚ್ಚು ಮಂದಿ ಶಸ್ತ್ರವಾಗಲಿ ಇಕ್ಕುಳವಾಗಲಿ ಇಲ್ಲದೆ ತಾವಾಗಿ ಹೆತ್ತರು. ನೋವಿನ ಕಾಲವೂ ಸ್ವಲ್ಪ ಕಡಿಮೆಯಾಯಿತು. ನಮ್ಮ ಭಾರತ ಸರಕಾರವು 2016ರಲ್ಲಿ ಸರಕಾರಿ ಆಸ್ಪತ್ರೆಗಳ ಹೆರಿಗೆಯ ಕೋಣೆಯಲ್ಲಿ ತಾಯಿಯ ಸಂಗಡ ಒಬ್ಬ ಹೆಣ್ಣು ನೆಂಟಳು ಇರಬಹುದೆಂದು ಅಪ್ಪಣೆ ಕೊಟ್ಟಿತು. ಹೆಂಡತಿಯನ್ನೋ ಸೊಸೆಯನ್ನೋ ಕರಕೊಂಡು ಹೋಗುವವರು ಈ ಅಪ್ಪಣೆ ಉಂಟೆಂಬದನ್ನು ತಿಳಿದಿರಬೇಕು.

ನಿಧಾನದ ವಿಷಯದಲ್ಲಿಯೂ ಈಚೆಗೆ ಬದಲಾವಣೆಯಾಗಿದೆ. ಬಾಯಿಯು ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂದು ವೈದ್ಯರು ಬಹಳ ಕಾಲ ಅವಸರಪಡಿಸುತ್ತಿದ್ದರು. ಲೋಕದ ಆರೋಗ್ಯಸಂಸ್ಥೆಯು 2018ರಲ್ಲಿ ಆ ಅಳತೆಯನ್ನು ಬಿಟ್ಟು, ಐದು ಸೆಂಟಿಮೀಟರ್ ತೆರೆದ ಮೇಲೆ ಚೊಚ್ಚಲ ಹೆರಿಗೆಗೆ ಸಾಮಾನ್ಯವಾಗಿ 12 ಗಂಟೆಯ ವರೆಗೂ, ಮುಂದಿನ ಹೆರಿಗೆಗಳಿಗೆ 10 ಗಂಟೆಯ ವರೆಗೂ ಹಿಡಿಯಬಹುದೆಂದು ತಿಳಿಸಿತು. ತಾಯಿಯು ಮಲಗಿಯೇ ಇರಬೇಕಾಗಿಲ್ಲ. ನಡೆಯಬಹುದು, ಕೂರಬಹುದು, ನೀರು ಗಂಜಿಗಳನ್ನು ಕುಡಿಯಬಹುದು. ಬೇಗ ಹೆರಲೆಂದು ಮನೆಯಲ್ಲಿ ಆಕ್ಸಿಟೋಸಿನ್ ಸೂಜಿಮದ್ದು ಹಾಕಿಸುವ ಕೆಟ್ಟ ವಾಡಿಕೆಯು ಕೆಲವು ಕಡೆಗಳಲ್ಲಿ ಉಂಟು. ಇದರಿಂದ ಗರ್ಭಕೋಶವು ಹರಿದು ತಾಯಿ ಮಗು ಇಬ್ಬರೂ ಸಾಯಬಹುದು. ಹೊಟ್ಟೆಯನ್ನು ಮೇಲಿನಿಂದ ಒತ್ತುವದೂ ಹಾಗೆಯೇ ಅಪಾಯಕರ. ಅದೇ ಮದ್ದನ್ನು ಕೂಸು ಹುಟ್ಟಿದ ಮೇಲೆ ಆಸ್ಪತ್ರೆಯ ದಾದಿಯು ಕೊಟ್ಟರೆ ಮಾಸು ಬೇಗ ಬಿದ್ದು ರಕ್ತ ಹೋಗುವದು ತಡೆಯಲ್ಪಡುತ್ತದೆ, ಅದನ್ನು ಬೇಡವೆನ್ನಬಾರದು. ಹೆಚ್ಚು ರಕ್ತ ಹೋದರೆ, ಫಿಟ್ಸ್ ಬಂದರೆ, ಕೈಯಾಗಲಿ ಹೊಕ್ಕುಳುಬಳ್ಳಿಯಾಗಲಿ ಮುಂದಾಗಿ ಹೊರಬಂದರೆ, ನೀರು ಹಸುರಾಗಿ ಹೋದರೆ, ಜ್ವರ ಬಂದರೆ, ಹೊತ್ತು ಮೀರಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ತಾಳ್ಮೆಯೆಂದರೆ ಕಣ್ಣು ಮುಚ್ಚಿ ಕೂರುವದೆಂದು ರೀಡರು ಎಂದೂ ಹೇಳಲಿಲ್ಲ; ಅವರು ಪಕ್ಕದಲ್ಲಿ ಎಚ್ಚರವಾಗಿ ಕೂತಿದ್ದ ವೈದ್ಯರು.

ಆಫ್ರಿಕದಿಂದ ತಿರುಗಿ ಬಂದ ಮೇಲೆ ಅವರಿಗೆ ಹೆಚ್ಚು ಆಯುಷ್ಯವಿರಲಿಲ್ಲ. 1959ನೆಯ ಇಸವಿ ಜೂನ್ 11ರಲ್ಲಿ, ಅರುವತ್ತೊಂಭತ್ತನೆಯ ವಯಸ್ಸಿನಲ್ಲಿ, ತಮ್ಮ ಬಾಲ್ಯದ ಸೀಮೆಗೆ ಸಮೀಪವಾದ ನಾರ್ಫಕ್ಕಿನ ರಾಕ್ಸಮ್ ಎಂಬ ಊರಿನಲ್ಲಿ ತೀರಿಹೋದರು. ತಾಯಂದಿರು ಅವರಿಗೆ ಬರೆದ ಕಾಗದಗಳು ಲಂಡನಿನ ವೆಲ್ಕಮ್ ಪುಸ್ತಕಶಾಲೆಯಲ್ಲಿ ಕಾಪಾಡಲ್ಪಟ್ಟಿವೆ; ಅವುಗಳಲ್ಲಿ ಕೆಲವನ್ನು 1997ರಲ್ಲಿ ಪುಸ್ತಕವಾಗಿ ಅಚ್ಚುಹಾಕಿದರು. ವೈಟ್‌ಚಾಪೆಲಿನ ಆ ಬಡ ಹೆಂಗಸಿನ ಸಂಗತಿಯನ್ನು ರೀಡರು ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ, ಆದರೆ ಅವಳ ಹೆಸರು ಅಲ್ಲಿಲ್ಲ.